ಹುಬ್ಬು ಚೆಂದ ಬರಲಿ

ಶಹಾಬಾದ
೬ ಡಿಸೆಂಬರ್ ೧೯೮೧

ಜೈತುನ್ ಮಗಳಿಗೆ ಮಾಮುವಿನ ದುವಾ.

ನಿನ್ನ ಕಾಗದ ಬಂತು. ಓದಿ, ಸ್ಟುಡಿಯೋದ ಬಾಗಿಲು ಮುಚ್ಚಿ, ಒಂದು ತಾಸು ಒಬ್ಬನೇ ಕೂತು ನಿಮ್ಮ ಪ್ರೊಫೆಸರ್ ಸಾಹೇಬರನ್ನು ಬೈದೆ. ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಕಾಗದ ಬರೆಯುವಾಗ ಪುಸ್ತಕದ ಕನ್ನಡವನ್ನೇ ಬರೆಯಬೇಕೆಂದು ಭಂಕೂರದ ಸಾಲೆಯಲ್ಲಿ ಮಾಸ್ತರು ನನ್ನ ಬೆರಳ ಗೆಣ್ಣಿಗೆ ಬಡಿದು ಕಲಿಸಿದ್ದಾರೆ. ನಾನು ಬೈದ ಮಾತುಗಳು ಯಾವ ಪುಸ್ತಕದಲ್ಲೂ ಇಲ್ಲ.

ಏನು ಸೊಕ್ಕು ಆ ಮನುಷ್ಯನಿಗೆ! ನೀನು ದೀಪಾವಳಿ ಸೂಟಿಗೆ ಚಿಂಚೋಳಿಗೆ ಹೋಗಿದ್ದೆ, ನಿನ್ನ ತಾಯಿಯ ಮನೆಗೆ. ಬೆಳಿಗ್ಗೆ ಎದ್ದು ನೋಟುಬುಕ್ಕು ಹಿಡಿದು ಕುಂಚಾವರಂ ದಾರಿಯ ಕಾಡಿಗೆ ನಡೆದೆ. ಬಂಡೆಗಳ ಮೇಲೆ ಇಲಿಯಂತೆ ಓಡಾಡುವ ಬೆರಳುದ್ದದ ಹಕ್ಕಿಯನ್ನು ನಾಲ್ಕು ದಿನ, ನಾಲ್ಕು ಸಲ, ಕಣ್ಣಾರೆ ನೋಡಿದೆ. ಅದನ್ನು ನಿನ್ನ ಎಂಎಸ್ಸಿ ಪ್ರಬಂಧದಲ್ಲಿ ಬರೆದೆ. ಅದಕ್ಕೆ ಸಾಹೇಬರು ಹದಿನೈದು ಮಂದಿ ಹುಡುಗರ ಮುಂದೆ ನಿನ್ನನ್ನು ನಿಲ್ಲಿಸಿ, “ಆ ಹಕ್ಕಿ ಆ ಸೀಮೆಗೆ ಬರುವುದಿಲ್ಲ, ನೀನು ನೋಡಿದ್ದು ಗುಬ್ಬಿ” ಎಂದರಂತೆ. ಫೋಟೋ ತಂದು ತೋರಿಸು, ಇಲ್ಲದಿದ್ದರೆ ಮಾರ್ಚ್ ಮೂವತ್ತೊಂದರೊಳಗೆ ಆ ಪುಟ ಕಿತ್ತುಹಾಕಿ “ನಾನು ತಪ್ಪು ನೋಡಿದೆ” ಎಂದು ಬರೆದುಕೊಡು ಎಂದರಂತೆ.

ತಪ್ಪು ನೋಡಿದಳಂತೆ! ಚಿಂಚೋಳಿಯ ಹುಡುಗಿಗೆ ಗುಬ್ಬಿ ಗೊತ್ತಿಲ್ಲವೇ? ನಿಮ್ಮ ಮನೆಯ ಜಂತಿಯಲ್ಲಿ ಗುಬ್ಬಿಗಳು ನಿನಗಿಂತ ಮೊದಲು ಹುಟ್ಟಿ ಬೆಳೆದಿವೆ. ಆ ಸಾಹೇಬರು ಚಿಂಚೋಳಿಯ ಬಸ್ಸಾದರೂ ಹತ್ತಿದ್ದಾರೆಯೇ ಕೇಳು.

ಫೋಟೋ ತಾನೇ ಬೇಕು? ಈ ಮಾಮು ಯಾಕಿದ್ದಾನೆ? ನನ್ನ ಭಾವಮೈದುನ ಅಬ್ದುಲ್ ಮಜೀದ ಹೋದ ವರ್ಷ ಮಸ್ಕತ್ತಿನಿಂದ ಝೂಮ್ ಕ್ಯಾಮೆರಾ ತಂದುಕೊಟ್ಟದ್ದು ನಿನಗೆ ಗೊತ್ತು. ಅದರ ಮೂತಿ ಎಳೆದರೆ ಉದ್ದವಾಗುತ್ತದೆ, ದೂರದ್ದು ಹತ್ತಿರ ಬಂದು ನಿಲ್ಲುತ್ತದೆ. ಶಹಾಬಾದ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಆಚೆ ಪ್ಲಾಟ್‌ಫಾರ್ಮಿನ ಟಿಕೆಟ್ ಕಲೆಕ್ಟರನ ಮೂಗಿನ ಕೂದಲು ಎಣಿಸಿದ್ದೇನೆ. ಹೈದರಾಬಾದಿನಿಂದ ಸೋಲಾಪುರದ ತನಕ ಇಂಥ ಕ್ಯಾಮೆರಾ ಇದ್ದವರು ಇರಬಹುದು. ಇಂಥ ಕೈ ಇದ್ದವನು ನಾನೊಬ್ಬನೇ.

ನಿನ್ನ ಬಿಎಸ್ಸಿ ಹಾಲ್ ಟಿಕೆಟ್ಟಿನ ಫೋಟೋ ನೆನಪಿದೆಯಲ್ಲ? ಸಣ್ಣವಳಿದ್ದಾಗ ನೀನು ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಎಡಹುಬ್ಬು ಸೀಳಿಕೊಂಡಿದ್ದೆ. ಆ ಗೀರನ್ನು ಹೇಗೆ ಮಾಯ ಮಾಡಿದ್ದೆ! ಪರೀಕ್ಷೆಯ ಸೂಪರ್‌ವೈಜರ್ ಫೋಟೋ ನೋಡಿ, ನಿನ್ನನ್ನು ನೋಡಿ, “ಈಕಿ ಬ್ಯಾರೆ ಯಾರೋ ಇದ್ದಾಳ” ಎಂದು ಬಾಗಿಲಲ್ಲೇ ತಡೆದನಲ್ಲ! ಈ ಕಥೆಯನ್ನು ನಾನು ಎಷ್ಟು ಗಿರಾಕಿಗಳಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ಕಾಗದದ ಕೊನೆಗೆ ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೀಯ: “ಮಾಮು, ಹುಬ್ಬು ಚೆಂದ ಬರಬೇಕು. ಎಲ್ಲಾ ಆ ಹುಬ್ಬಿನ ಮ್ಯಾಲೇ ಅದ.” ಹುಚ್ಚಿ! ಇಪ್ಪತ್ತೆರಡು ವರ್ಷದಿಂದ ಈ ಸ್ಟುಡಿಯೋಕ್ಕೆ ಬರುವ ಒಬ್ಬೊಬ್ಬ ಮದುಮಗಳ ತಾಯಿಯೂ ಇದೇ ಮಾತು ಹೇಳುತ್ತಾಳೆ. ಮಾಮುವಿಗೆ ಹುಬ್ಬು ಕಲಿಸಬೇಡ, ನಿನ್ನ ಓದು ನೋಡಿಕೋ.

ನಿನ್ನ ಮಾಮು
ಮಶಾಕ
(ಮಶಾಕ ಫೋಟೋ ಸ್ಟುಡಿಯೋ)


ಶಹಾಬಾದ
೨೪ ಜನವರಿ ೧೯೮೨

ಜೈತುನ್ ಮಗಳಿಗೆ ದುವಾ.

ಸಿಕ್ಕಿತು! ಈ ಕಾಗದದ ಜೊತೆ ರಟ್ಟಿನ ನಡುವೆ ಫೋಟೋ ಇದೆ. ಮೊದಲು ಅದನ್ನು ನೋಡು, ಆಮೇಲೆ ಇದನ್ನು ಓದು.

ನೋಡಿದೆಯಾ? ಈಗ ಕೇಳು ನಿನ್ನ ಮಾಮುವಿನ ಪಾಡು.

ಮೂರು ಸಲ ಚಿಂಚೋಳಿಗೆ ಹೋದೆ. ಮೊದಲ ಸಲ ಹೋದಾಗ ನಿನ್ನ ಅಮ್ಮಿ ನನ್ನನ್ನು ಕಾಡಿನ ವಾಚರ್ ಖಾಜಾಮಿಯಾನಿಗೆ ಒಪ್ಪಿಸಿದಳು. ಅವನೋ, ಮಾತಾಡಿದರೆ ಕಾಡು ಸವೆಯುತ್ತದೆ ಎಂಬಂತೆ ಇರುವ ಮನುಷ್ಯ. ನಾನು ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿ, ಕ್ಯಾಮೆರಾ ಕೊರಳಿಗೆ ಹಾಕಿ ನಿಂತಿದ್ದೆ. ಮೇಲಿಂದ ಕೆಳಗೆ ನೋಡಿ ಅಂದ:

“ಹಕ್ಕಿ ನೋಡ್ಲಿಕ್ ಬಂದೀರೋ, ನಿಕಾಕ್ ಬಂದೀರೋ?”

“ಫೋಟೋಗ್ರಾಫರ್ ಅದೀನಿ ನಾ. ಶಹಾಬಾದದಾಗ ಬಂದು ಕೇಳ್ರಿ.”

“ಆ ಹಕ್ಕಿ ಶಹಾಬಾದಕ್ಕ ಬಂದು ಕೇಳಂಗಿಲ್ರಿ. ಅಂಗಿ ಬದಲ ಮಾಡ್ಕೊಂಡ್ ಬರ್ರಿ.”

ಎಂಥ ಅವಮಾನ! ನುಂಗಿಕೊಂಡೆ, ನಿನಗಾಗಿ.

ಆ ಹಕ್ಕಿಯನ್ನು ಇಲ್ಲಿಯವರು ಇಲಿಹಕ್ಕಿ ಎನ್ನುತ್ತಾರೆ. ನಾನು ಅದಕ್ಕೆ ಇಟ್ಟ ಹೆಸರು ಬೇರೆ, ಬಿಡು. ಟೊಂಗೆಯ ಮೇಲಿದೆ ಎಂದು ಝೂಮ್ ಎಳೆಯುವಷ್ಟರಲ್ಲಿ ಬಂಡೆಯ ಮೇಲಿರುತ್ತದೆ. ಬಂಡೆಗೆ ತಿರುಗಿಸಿ ಫೋಕಸ್ ಮಾಡುವಷ್ಟರಲ್ಲಿ ಬಂಡೆಯ ಹಿಂದಿರುತ್ತದೆ. ನನ್ನ ಗಿರಾಕಿಗಳು ಸ್ಟೂಲಿನ ಮೇಲೆ ಕೂಡುತ್ತಾರೆ, ಗೋಣು ಎತ್ತು ಎಂದರೆ ಎತ್ತುತ್ತಾರೆ. ಇದು ಒಂದು ಉಸಿರೆಳೆಯುವಷ್ಟು ಹೊತ್ತೂ ಕೂಡಲಿಲ್ಲ. ಮೊದಲ ರೀಲು ತೊಳೆದು ನೋಡಿದರೆ ಮೂವತ್ತಾರು ಚಿತ್ರ, ಮೂವತ್ತಾರೂ ಖಾಲಿ ಟೊಂಗೆ. ಬೇಕಾದರೆ ನೀನು ಚಿಂಚೋಳಿಯ ಎಲೆಗಳ ಮೇಲೆ ಇನ್ನೊಂದು ಪ್ರಬಂಧ ಬರೆಯಬಹುದು.

ಎರಡನೆಯ ಸಲ ಸ್ಟುಡಿಯೋದ ಕರಿ ಅರಿವೆ ಹೊದ್ದು ಪೊದೆಯಂತೆ ಕೂತೆ. ಹಕ್ಕಿ ಬಂತು. ಬಂದ ಖುಷಿಗೆ ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿಂದ ಹೊರಟೇಬಿಟ್ಟಿತು: “ಸ್ವಲ್ಪ ನಗವ್ವಾ!” ಹಕ್ಕಿ ಅಷ್ಟೇ ಅಲ್ಲ, ಆ ದಿನ ಆ ಕಾಡಿನಲ್ಲಿ ಕಾಗೆಯೂ ಉಳಿಯಲಿಲ್ಲ. ಖಾಜಾಮಿಯಾ ತಲೆ ಹಿಡಿದುಕೊಂಡು ಕೂತ.

“ಅಣ್ಣಾರೆ, ಅದರ ಬೆನ್ನ ಹತ್ತಬ್ಯಾಡ್ರಿ. ಮುಂಜಾನಿ ಬಿಸಲು ಬಿದ್ದ ಮ್ಯಾಲ ಅದು ದಿನಾ ಆ ಸೀಳು ಕಲ್ಲಿಗಿ ಇರುವಿ ತಿನ್ಲಿಕ್ ಬರ್ತದ. ಕಲ್ಲಿಗಿ ಕ್ಯಾಮೆರಾ ಹಚ್ಚಿ ಬಾಯಿ ಮುಚ್ಚಿ ಕುಂದರ್ರಿ. ಅದೇ ಬರ್ತದ.”

“ಮೊದಲೇ ಯಾಕ ಹೇಳ್ಲಿಲ್ಲೋ ಮಾರಾಯಾ?”

“ನೀವು ಹೇಳ್ಲಿಕ್ಕ ಜಾಗಾ ಬಿಟ್ರ ಹೇಳ್ತಿದ್ದೆ.”

ಮೂರನೆಯ ಸಲ ಆ ಸೀಳು ಬಂಡೆಗೆ ಕ್ಯಾಮೆರಾ ನೆಟ್ಟು, ಝೂಮ್ ಪೂರ್ತಿ ಎಳೆದು, ಬಾಯಿಯಲ್ಲಿ ರುಮಾಲು ತುರುಕಿ ಕೂತೆ. ಬಂತು ಜೈತುನ್. ಬಂಡೆಯ ನೆತ್ತಿಯ ಮೇಲೆ ನಿಂತು, ಗಂಟಲು ಉಬ್ಬಿಸಿ ಹಾಡಿತು. ಕಾಲಗೆಜ್ಜೆಯ ಒಂದು ಕಾಳು ಉದುರಿ ಕಲ್ಲಿನ ಮೇಲೆ ಉರುಳಿದ ಹಾಗೆ. ಅಷ್ಟೇ. ನಾನು ಒತ್ತಿದೆ. ಮುಂದಿನ ಮೂರು ಚಿತ್ರ ಒತ್ತುವಾಗ ಬರೀ ಬಂಡೆ ಇತ್ತು.

ಒಂದೇ ಒಂದು ಚಿತ್ರ, ಆದರೆ ಎಂಥ ಚಿತ್ರ! ಮುಖ್ಯವಾಗಿ ಹುಬ್ಬು. ನೀನು ಅಷ್ಟು ಹೇಳಿದ್ದೆಯಲ್ಲ, ನೋಡು ಹುಬ್ಬು ಎಷ್ಟು ಚೆಂದ ಬಂದಿದೆ. ಸೇಡಂ ಕಡೆಯ ಯಾವ ಮದುಮಗಳಿಗೂ ನಾನು ಅಂಥ ಹುಬ್ಬು ಕೊಟ್ಟಿಲ್ಲ. ನೆಗೆಟಿವ್ವನ್ನೂ ಕಳಿಸಿದ್ದೇನೆ. ಸಾಹೇಬರು ಭೂತಗನ್ನಡಿ ಹಿಡಿದು ನೋಡಲಿ. ನೋಡಿ, ಹದಿನೈದು ಮಂದಿಯ ಮುಂದೆ ನಿನಗೆ ಏನು ಅಂದರು ಎಂದು ತಕ್ಷಣ ಬರೆ.

ನಿನ್ನ ಮಾಮು
ಮಶಾಕ


ಧಾರವಾಡ
೯ ಫೆಬ್ರವರಿ ೧೯೮೨

ಮಾಮು ಅವರಿಗೆ ಸಲಾಂ.

ಸರ್ ಏನು ಅಂದರು ಎಂದು ತಕ್ಷಣ ಬರೆಯಲು ಹೇಳಿದ್ದಿರಿ. ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಫೋಟೋ ನೋಡಿದ ಕೂಡಲೇ ಸರ್ ನಕ್ಕರು. “ಈ ಹಕ್ಕಿಗೆ ಕಾಡಿಗೆ ಹಚ್ಚಿದವರು ಯಾರಮ್ಮ?” ಎಂದರು. ಎಲ್ಲರೂ ನಕ್ಕರು. ನಂತರ ಅವರು ನೆಗೆಟಿವ್ವನ್ನು ಕಿಟಕಿಗೆ ಹಿಡಿದು ಲೆನ್ಸಿನಲ್ಲಿ ಭಾಳ ಹೊತ್ತು ನೋಡಿದರು. ಆಮೇಲೆ ಅವರು ನಗಲಿಲ್ಲ.

“ಇಲ್ಲಿ ಬ್ಲೇಡು ಆಡಿದೆ” ಎಂದರು. “ಕಣ್ಣಿನ ಮೇಲೆ ಸರಿಯಾಗಿ, ಗುರುತು ಇರಬೇಕಾದ ಜಾಗದಲ್ಲೇ ಕೆರೆದಿದ್ದಾರೆ. ತಪ್ಪು ನೋಡಿದ್ದನ್ನು ನಾನು ಮನ್ನಿಸುತ್ತಿದ್ದೆ. ಇದು ಮೋಸ.”

ಮೂವತ್ತೊಂದರೊಳಗೆ ಪುಟ ಕಿತ್ತು ತಪ್ಪೊಪ್ಪಿಗೆ ಬರೆದುಕೊಟ್ಟರೆ ಇಲ್ಲಿಗೇ ಬಿಡುತ್ತಾರಂತೆ. ಇಲ್ಲವಾದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದವರ ಮೇಲೆ ಬರೆಯುವಂತೆ ನನ್ನ ಮೇಲೂ ಮೇಲಿನವರಿಗೆ ಬರೆಯುತ್ತಾರಂತೆ.

ಮಾಮು, ಒಂದೇ ಮಾತು ಕೇಳುತ್ತೇನೆ. ಆ ನೆಗೆಟಿವ್ವನ್ನು ನೀವು ಮುಟ್ಟಿದ್ದೀರಾ?

ಜೈತುನ್


ಶಹಾಬಾದ
೧೪ ಫೆಬ್ರವರಿ ೧೯೮೨

ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ದೊಡ್ಡ ಸಾಹೇಬರಿಗೆ, ಶಹಾಬಾದದ ಮಶಾಕ ಫೋಟೋ ಸ್ಟುಡಿಯೋದ ಮಾಲೀಕ ಮಶಾಕ ಮಾಡುವ ಸಲಾಂ. ಸಲಾಂ ಇಲ್ಲಿಗೆ ಮುಗಿಯಿತು.

ನೀವು ನನ್ನ ಸೊಸೆಯನ್ನು ನಾಲ್ಕು ಮಂದಿಯ ಮುಂದೆ ಮೋಸಗಾರ್ತಿ ಎಂದಿರಂತೆ. ನನ್ನ ಅಕ್ಕನ ಮಗಳು ಅವಳು, ಗಂಡು ಮಕ್ಕಳಿಲ್ಲದ ಮನೆಯಲ್ಲಿ ಒಬ್ಬಳೇ ಹಟ ಹಿಡಿದು ಧಾರವಾಡದ ತನಕ ಬಂದವಳು. ಅವಳಿಗೆ ಸುಳ್ಳು ಹೇಳಲು ಬರುತ್ತಿದ್ದರೆ ನನಗೆ ಆಗಾಗ ಭಾಳ ಉಪಕಾರವಾಗುತ್ತಿತ್ತು. ಬರುವುದಿಲ್ಲ.

ಬ್ಲೇಡು ಆಡಿದೆ ಎಂದಿರಂತೆ. ಆಡಿದೆ! ಆಡಿಸಿದವನು ನಾನು! ಅದರಲ್ಲಿ ಮುಚ್ಚಿಡುವುದೇನಿದೆ? ಉಗುರಿನಷ್ಟು ನೆಗೆಟಿವ್, ಅದರಲ್ಲಿ ಅಕ್ಕಿಕಾಳಿನಷ್ಟು ಹಕ್ಕಿ, ಅದರ ಮೇಲೆ ಎಳೆಯಷ್ಟು ಹುಬ್ಬು. ಉಸಿರು ಬಿಗಿಹಿಡಿದು ಎರಡು ದಿನ ಕೆಲಸ ಮಾಡಿದ್ದೇನೆ. ನೀವು ಮಾಡಿ ತೋರಿಸಿ ನೋಡೋಣ.

ಯಾಕೆ ಕೆರೆದೆ, ಕೇಳಿ. ಮೊದಲ ಪ್ರಿಂಟು ಹಾಕಿದಾಗ ಹಕ್ಕಿಯ ಹುಬ್ಬು ಬೆಳ್ಳಗೆ ಬಂದಿತ್ತು, ಎಂಬತ್ತು ವರ್ಷದ ಮುದುಕನ ಹುಬ್ಬಿನ ಹಾಗೆ. ಬಿಸಿಲು ಜಾಸ್ತಿ ಬಿದ್ದು ಬಿಳಿಚಿಕೊಂಡಿದೆ ಅಂದುಕೊಂಡೆ. ಹುಡುಗಿಯೋ ಹುಬ್ಬು ಚೆಂದ ಬರಲಿ ಎಂದು ಎರಡು ಗೆರೆ ಎಳೆದು ಬರೆದಿದ್ದಾಳೆ. ನೆಗೆಟಿವ್‌ನಲ್ಲಿ ಕಪ್ಪಾಗಿರುವುದು ಫೋಟೋದಲ್ಲಿ ಬೆಳ್ಳಗೆ ಬರುತ್ತದೆ. ಆ ಕಪ್ಪನ್ನು ಹಗುರಾಗಿ ಕೆರೆದರೆ ಫೋಟೋದಲ್ಲಿ ಅದೇ ಜಾಗ ಕಪ್ಪಾಗುತ್ತದೆ. ಇದು ಕಸುಬು, ಕಳ್ಳತನವಲ್ಲ. ಚಿತ್ತಾಪುರ, ಸೇಡಂ, ವಾಡಿ, ಎಲ್ಲಿಂದ ಬಂದ ಹೆಣ್ಣುಮಗಳಿಗೂ ನಾನು ಹೀಗೇ ಹುಬ್ಬು ತಿದ್ದಿದ್ದೇನೆ. ಒಬ್ಬರೂ ಮೋಸ ಎಂದಿಲ್ಲ. ಇನ್ನೂ ಎರಡು ಪ್ರತಿ ಕೇಳಿದ್ದಾರೆ.

ನನ್ನ ಮುಖದ ತುಂಬ ಸಿಡುಬಿನ ಕಲೆಗಳಿವೆ. ಸ್ಟುಡಿಯೋದ ಬಾಗಿಲಲ್ಲಿ ಕನ್ನಡಿ ಚೌಕಟ್ಟಿನಲ್ಲಿ ನನ್ನ ಫೋಟೋ ತೂಗುಹಾಕಿದ್ದೇನೆ. ಅದರಲ್ಲಿ ಒಂದು ಕಲೆಯಿಲ್ಲ. ಹಾಗಾದರೆ ಆ ಫೋಟೋದಲ್ಲಿರುವವನು ನಾನಲ್ಲವೇ?

ಹುಡುಗಿಯ ಕ್ಷಮೆ ಕೇಳಿ. ಎಲ್ಲರ ಮುಂದೆ ಅಂದಿದ್ದೀರಿ, ಎಲ್ಲರ ಮುಂದೆ ಕೇಳಿ.

ಮಶಾಕ

(ಇದರದೇ ಒಂದು ಪ್ರತಿ ಜೈತುನ್‌ಳಿಗೆ. ಮಗಳೇ, ಹೆದರಬೇಡ. ಹೇಗೆ ಹಿಡಿದು ಝಾಡಿಸಿದ್ದೇನೆ ನೋಡು.)


ಧಾರವಾಡ
೨೦ ಫೆಬ್ರವರಿ ೧೯೮೨

ಮಾಮು,

ನಿಮ್ಮ ಕಾಗದವನ್ನು ಸರ್ ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಮೊದಲಿನಿಂದ ಕೊನೆಯವರೆಗೆ. ನಾನು ನಿಂತುಕೊಂಡು ಕೇಳಿದೆ.

ಆ ಹಕ್ಕಿಯ ಹುಬ್ಬು ಬಿಳಿಚಿಕೊಂಡಿರಲಿಲ್ಲ. ಅದು ಇರುವುದೇ ಹಾಗೆ. ಬೂದು ಮೈ, ಕಣ್ಣಿನ ಮೇಲೆ ನಿಂಬೆಹಣ್ಣಿನ ಬಣ್ಣದ ಒಂದು ಗೆರೆ. ಬಣ್ಣವಿಲ್ಲದ ರೀಲಿನಲ್ಲಿ ಹಳದಿ ಬೆಳ್ಳಗೇ ಬರುತ್ತದೆ. ಬಂಡೆಯ ಮೇಲಿನ ಆ ಹಕ್ಕಿಯನ್ನು ಅದರಂಥದೇ ಬೇರೆ ಸಣ್ಣ ಎಲೆಹಕ್ಕಿಗಳಿಂದ ಗುರುತಿಸುವುದೇ ಆ ಗೆರೆಯಿಂದ. ಅದಿಲ್ಲದಿದ್ದರೆ ಅದು ಯಾವುದೋ ಒಂದು ಹಕ್ಕಿ, ಗುಬ್ಬಿ ಎಂದರೂ ನಡೆಯುತ್ತದೆ. ಮೂರು ಸಲ ಹೋಗಿ, ಬಾಯಿಗೆ ರುಮಾಲು ತುರುಕಿಕೊಂಡು ನನ್ನ ಸಾಕ್ಷಿಯನ್ನು ಹಿಡಿದು ತಂದಿರಿ. ತಂದು ನೀವೇ ಕೆರೆದುಹಾಕಿದಿರಿ.

ಹುಬ್ಬು ಚೆಂದ ಬರಲಿ ಎಂದು ಬರೆದದ್ದು ನನ್ನ ತಪ್ಪು. ಇದ್ದಹಾಗೆ ಬರಲಿ ಎಂದು ಬರೆಯಬೇಕಿತ್ತು. ನನ್ನ ಮಾಮು ಯಾರು ಎಂಬುದು ನನಗೆ ನೆನಪಿರಬೇಕಿತ್ತು.

ಆ ಹಾಲ್ ಟಿಕೆಟ್ಟಿನ ಕಥೆ ಹೇಳಿ ಗಿರಾಕಿಗಳನ್ನು ನಗಿಸುತ್ತೀರಿ. ಆವತ್ತು ನಾನು ನಲವತ್ತು ನಿಮಿಷ ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಎಲ್ಲರೂ ಬರೆಯುತ್ತಿದ್ದರು. ನನ್ನ ಮುಖ ನನ್ನದೇ ಎಂದು ಮೂರು ಮಂದಿ ಬಂದು ಸಾಕ್ಷಿ ಹೇಳಬೇಕಾಯಿತು. ನಾನು ಅದನ್ನು ನಿಮಗೆ ಹೇಳಿದಾಗ ನೀವು ತೊಡೆ ತಟ್ಟಿಕೊಂಡು ನಕ್ಕಿರಿ. ನಾನೂ ನಕ್ಕೆ. ನನಗೆ ನಗು ಬಂದಿರಲಿಲ್ಲ.

ಮಾರ್ಚ್ ಕೊನೆಗೆ ಆ ಹಕ್ಕಿಗಳು ಹೊರಟುಹೋಗುತ್ತವೆ. ನಾನು ಪುಟ ಕಿತ್ತುಕೊಡುತ್ತೇನೆ. ಇನ್ನು ನನಗೆ ಬರೆಯಬೇಡಿ.

ಜೈತುನ್‌ಬೀ


ಶಹಾಬಾದ
೨ ಮಾರ್ಚ್

ಬರೆಯಬೇಡ ಎಂದೆ, ಬರೆಯುತ್ತಿಲ್ಲ. ಇದು ಕಾಗದವಲ್ಲ, ಕಾರ್ಡು. ಪುಟ ಕೀಳಬೇಡ. ಮೂವತ್ತೊಂದು ಇನ್ನೂ ಬಂದಿಲ್ಲ.

ಮಶಾಕ


ಚಿಂಚೋಳಿ
೨೪ ಮಾರ್ಚ್ ೧೯೮೨

ಜೈತುನ್,

ಈ ಪೊಟ್ಟಣವನ್ನು ನೀನು ಬಿಚ್ಚಬೇಡ. ಮೊದಲು ಇದನ್ನು ಓದು.

ನಿನ್ನ ಕಾಗದ ಬಂದಾಗ ನನಗೆ ಸಿಟ್ಟು ಬಂತು. ನಿನ್ನ ಮೇಲೆ, ನಿಮ್ಮ ಸಾಹೇಬರ ಮೇಲೆ, ಹಕ್ಕಿಯ ಮೇಲೆ. ಹುಬ್ಬನ್ನು ಯಾವ ಹಕ್ಕಿಯಾದರೂ ಹಳದಿ ಇಟ್ಟುಕೊಳ್ಳುತ್ತದೆಯೇ ಎಂದು ಅಲ್ಲಾಹನ ಮೇಲೂ ಒಂದು ಗಳಿಗೆ. ಎರಡು ವಾರ ಯಾರನ್ನು ಬೈಯಬೇಕೆಂದು ತಿಳಿಯದೆ ಎಲ್ಲರನ್ನೂ ಬೈದೆ. ಆಮೇಲೊಂದು ದಿನ ಒಬ್ಬಳು ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಗಲ್ಲದ ಮೇಲೆ ಹುಣಿಸೆಬೀಜದಷ್ಟು ಮಚ್ಚೆ. “ಇದು ಕಾಣಬಾರದ್ರಿ” ಎಂದಳು ತಾಯಿ. ಆ ಹುಡುಗಿ ಮಚ್ಚೆಯ ಮೇಲೆ ಕೈ ಇಟ್ಟುಕೊಂಡು ಕೂತಿತ್ತು. ನಾನು ಇಪ್ಪತ್ತೆರಡು ವರ್ಷದಿಂದ ಮಚ್ಚೆ ನೋಡುತ್ತಿದ್ದೆ, ಆ ಕೈ ನೋಡಿರಲಿಲ್ಲ. “ಇವತ್ತು ಕ್ಯಾಮೆರಾ ಕೆಟ್ಟದ” ಎಂದು ಹೇಳಿ ಕಳಿಸಿದೆ. ಬಾಗಿಲು ಹಾಕಿ ಬಸ್ಸು ಹತ್ತಿದೆ. ಚಿತ್ತಾಪುರ ದಾಟಿ, ಸೇಡಂನಲ್ಲಿ ಬಸ್ಸು ಬದಲಿಸಿ, ಚಿಂಚೋಳಿಗೆ ಬಂದು ಇಳಿಯುವ ತನಕ ನಾನು ಯಾರಿಗೂ ನನ್ನ ಕ್ಯಾಮೆರಾದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ನಂಬಿದರೆ ನಂಬು.

ನಿನ್ನ ಅಮ್ಮಿ ಚಹಾ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ.

ಸೀಳು ಬಂಡೆಯ ಮುಂದೆ ಎಂಟು ಮುಂಜಾನೆ ಕೂತೆ. ಮುತ್ತುಗದ ಹೂವು ಉದುರಿ ಮುಗಿದಿತ್ತು, ಎಲೆ ಇರಲಿಲ್ಲ, ಕಲ್ಲು ಕಾದು ಹಂಚಾಗುತ್ತಿತ್ತು. ಹಕ್ಕಿ ಇಲ್ಲ.

“ಹೋಗಿರಬೇಕ್ರಿ ಅಣ್ಣಾರೆ” ಎಂದ ಖಾಜಾಮಿಯಾ. “ಸೆಕಿ ಹೆಚ್ಚಾಯ್ತು.”

“ಹಂಗ ಹೆಂಗ ಹೋಗ್ತದ? ನನಗ ಒಂದು ಮಾತು ಹೇಳ್ದೆ?”

“ನೀವು ಅದರ ಹುಬ್ಬು ಬೋಳಿಸೀರಿ. ಅದು ನಿಮಗ ಯಾಕ ಹೇಳ್ತದ್ರಿ?”

ಹೌದು, ಅವನಿಗೂ ಎಲ್ಲ ಹೇಳಿದ್ದೆ. ಆ ಮಾತು ಕೇಳಿ ಎದ್ದು ಹೋಗುವಷ್ಟು ಕೋಪ ಬಂತು. ನಾನು ಎದ್ದ ಮೇಲೆ ಹಕ್ಕಿ ಬಂದುಬಿಟ್ಟರೆ ಎಂದು ಕೂತೇ ಇದ್ದೆ.

ಒಂಬತ್ತನೆಯ ಮುಂಜಾನೆ, ಅಂದರೆ ಇವತ್ತು, ಬಂಡೆಯ ಸೀಳಿನಿಂದ ಇಲಿಯ ಹಾಗೆ ಹೊರಬಂತು. ಎಷ್ಟು ಹತ್ತಿರ ಬಂತೆಂದರೆ ಝೂಮನ್ನು ಅರ್ಧ ಒಳಗೆ ತಳ್ಳಬೇಕಾಯಿತು. ಆಗ ನೋಡಿದೆ ಜೈತುನ್. ಕ್ಯಾಮೆರಾದಿಂದ ಕಣ್ಣು ತೆಗೆದು ನನ್ನ ಬರಿ ಕಣ್ಣಿನಿಂದ ನೋಡಿದೆ. ಹಳದಿಯೇ. ಯಾರೋ ಸಣ್ಣ ಕುಂಚದಿಂದ ಒಂದೇ ಸಲಕ್ಕೆ ಎಳೆದು ಕೈ ಎತ್ತಿದ ಹಾಗೆ. ಅಂಥ ಗೆರೆಯನ್ನು ನಾನು ಜನ್ಮದಲ್ಲಿ ಎಳೆದಿಲ್ಲ. ಎಳೆಯಲೂ ಆಗುವುದಿಲ್ಲ.

ಆಮೇಲೆ ಕಣ್ಣಿಟ್ಟು ಒತ್ತಿದೆ. ಎಷ್ಟು ಒತ್ತಿದೆ, ಎಷ್ಟರಲ್ಲಿ ಅದಿತ್ತು, ಎಷ್ಟರಲ್ಲಿ ಬರೀ ಕಲ್ಲಿತ್ತು, ಹೇಳಲಾರೆ. ಎಣಿಸುವುದನ್ನೇ ಮರೆತೆ. ಇದನ್ನು ಯಾರಿಗೂ ಹೇಳಬೇಡ.

ಬಣ್ಣದ ರೀಲು ಹಾಕಿಲ್ಲ. ಅದನ್ನು ತೊಳೆಯಲು ಬೊಂಬಾಯಿಗೆ ಕಳಿಸಬೇಕು, ಮಾರ್ಚ್ ಮುಗಿದುಹೋಗುತ್ತದೆ. ಈ ರೀಲನ್ನು ನಾನು ತೊಳೆದಿಲ್ಲ. ಕ್ಯಾಮೆರಾದಿಂದ ತೆಗೆದವನೇ ಡಬ್ಬಿಗೆ ಹಾಕಿ, ಅರಿವೆಯಲ್ಲಿ ಹೊಲಿದು, ಅರಗು ಕಾಯಿಸಿ ಮುದ್ರೆ ಒತ್ತಿದ್ದೇನೆ. ಪೊಲೀಸರು ಪಂಚನಾಮೆ ಮಾಡುತ್ತಾರಲ್ಲ, ಹಾಗೆ ಪಂಚನಾಮೆ ಬರೆದು ಒಳಗಿಟ್ಟಿದ್ದೇನೆ. ಪಂಚರು ಎಂದ ಮೇಲೆ ಐವರು ಬೇಕು. ಸಿಕ್ಕವರು ಮೂವರು. ಖಾಜಾಮಿಯಾನ ಎಡಗೈ ಹೆಬ್ಬೆಟ್ಟು. ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಪೀರಪ್ಪನ ರುಜು. ನಿನ್ನ ಅಮ್ಮಿಯ ರುಜು, ಉರ್ದುವಿನಲ್ಲಿ. ಕಡಿಮೆ ಬಿದ್ದ ಇಬ್ಬರ ಜಾಗದಲ್ಲಿ ನಾನೇ ಎರಡು ಸಲ ರುಜು ಹಾಕಿದ್ದೇನೆ, ಒಂದು ಕನ್ನಡದಲ್ಲಿ, ಒಂದು ಇಂಗ್ಲಿಷಿನಲ್ಲಿ.

ಇದನ್ನು ನಿಮ್ಮ ಸಾಹೇಬರ ಕೈಗೆ ಕೊಡು. ಅವರ ಕಾಲೇಜಿನ ಕತ್ತಲೆಕೋಣೆಯಲ್ಲಿ, ಅವರ ಕೈಯಿಂದಲೇ ತೊಳೆಯಲಿ. ಹಕ್ಕಿ ಅದರಲ್ಲಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮಶಾಕ ತಾನು ನೋಡದೆ ಇನ್ನೊಬ್ಬರಿಗೆ ಕೊಟ್ಟ ಫೋಟೋ ಇದೊಂದೇ.

ಕಡೆಯ ಚಿತ್ರ, ಮೂವತ್ತಾರನೆಯದು, ಹಕ್ಕಿಯದಲ್ಲ. ಅದನ್ನೂ ಇದ್ದಹಾಗೆ ತೊಳೆಯಿರಿ.

ಮಶಾಕ


ಧಾರವಾಡ
೨ ಏಪ್ರಿಲ್ ೧೯೮೨

ಮಾಮು ಅವರಿಗೆ ಜೈತುನ್‌ಳ ಸಲಾಂ.

ಪೊಟ್ಟಣ ಇಪ್ಪತ್ತೊಂಬತ್ತಕ್ಕೆ ಬಂತು. ಬಿಚ್ಚದೆ ಸರ್ ಮೇಜಿನ ಮೇಲಿಟ್ಟೆ. ಅವರು ಅರಗು ನೋಡಿದರು, ಒಡೆದು ಪಂಚನಾಮೆ ಓದಿದರು, ನಿಮ್ಮ ಎರಡು ರುಜುಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಾವೇ ಅಂಗಿಯ ತೋಳು ಮಡಿಸಿ ಕತ್ತಲೆಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಇದೂ ಸುಮಾರು ನಲವತ್ತು ನಿಮಿಷವೇ ಇದ್ದೀತು.

ಇಪ್ಪತ್ತೆಂಟು ಚಿತ್ರ ಬರೀ ಬಂಡೆ. ಐದರಲ್ಲಿ ಬಾಲ. ಒಂದರಲ್ಲಿ ಹಾರಿಹೋದ ನೆರಳು. ಒಂದರಲ್ಲಿ, ಮಾಮು, ಇಡೀ ಹಕ್ಕಿ ಇದೆ. ಬಾಯಿ ತೆರೆದು ಹಾಡುತ್ತಿದೆ. ಕಣ್ಣಿನ ಮೇಲೆ ಬೆಳ್ಳಗೆ, ಕೊಕ್ಕಿನ ಬುಡದಿಂದ ಕಿವಿಯ ತನಕ, ಆ ಗೆರೆ.

ಸರ್ ಲೆನ್ಸು ಕೆಳಗಿಟ್ಟು “ಹ್ಞೂಂ, ಹುಬ್ಬು ಇದೆ. ಪುಟ ಇರಲಿ” ಎಂದರು. ಅಷ್ಟೇ ಅಂದು ಕೈ ತೊಳೆಯಲು ಹೊರಟರು. ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು! “ಸರ್, ಮೋಸ ಎಂದು ಎಲ್ಲರ ಮುಂದೆ ಅಂದಿದ್ದಿರಿ. ಇದನ್ನೂ ಎಲ್ಲರ ಮುಂದೆ ಅನ್ನಿ” ಎಂದೆ. ಮರುದಿನ ತರಗತಿಯಲ್ಲಿ ಅಂದರು. ಕರಿಹಲಗೆಯ ಕಡೆ ಮುಖ ಮಾಡಿ ಅಂದರು. ಆದರೂ ಅಂದರು.

ಮೂವತ್ತಾರನೆಯ ಚಿತ್ರದಲ್ಲಿ ನೀವಿದ್ದೀರಿ. ಖಾಜಾಮಿಯಾ ಕಾಕಾ ತೆಗೆದಿರಬೇಕು, ಅರ್ಧ ಟೊಪ್ಪಿಗೆ ಚಿತ್ರದ ಹೊರಗೆ ಹೋಗಿದೆ. ಗಡ್ಡ ಬಂದಿದೆ. ಮುಂಜಾನೆಯ ಬಿಸಿಲು ಅಡ್ಡ ಬಿದ್ದು ಸಿಡುಬಿನ ಒಂದೊಂದು ಕಲೆಯೂ ಎಣಿಸುವ ಹಾಗಿದೆ. ಸರ್ ಅದನ್ನೂ ತೊಳೆದರು. “ಈತನೇ ಏನು ನನ್ನನ್ನು ಝಾಡಿಸಿದವನು?” ಎಂದು ಕೇಳಿದರು. “ಹೌದ್ರಿ ಸರ್, ಇವರೇ ನಮ್ಮ ಮಾಮು” ಎಂದೆ. ಯಾರೂ ಸಾಕ್ಷಿ ಹೇಳಬೇಕಾಗಲಿಲ್ಲ.

ಎಂಎಸ್ಸಿ ಪರೀಕ್ಷೆಯ ಹಾಲ್ ಟಿಕೆಟ್ಟಿಗೆ ಮೂರು ಫೋಟೋ ಬೇಕು. ಧಾರವಾಡದಲ್ಲಿ ಸ್ಟುಡಿಯೋಗಳಿವೆ. ನಾನು ಹತ್ತನೆಯ ತಾರೀಖು ಶಹಾಬಾದಕ್ಕೆ ಬರುತ್ತೇನೆ.

ನಿಮ್ಮ
ಜೈತುನ್


ಶಹಾಬಾದ
೧೬ ಏಪ್ರಿಲ್ ೧೯೮೨

ಜೈತುನ್ ಮಗಳಿಗೆ ಮಾಮುವಿನ ದುವಾ.

ಮೂರು ಫೋಟೋ ಕಳಿಸಿದ್ದೇನೆ. ಎಡಹುಬ್ಬಿನ ಗೀರು ಎಡಹುಬ್ಬಿನಲ್ಲೇ ಇದೆ. ಬ್ಲೇಡು ಪೆಟ್ಟಿಗೆಯಲ್ಲೇ ಇತ್ತು. ಎರಡು ಸಲ ಕೈ ಅತ್ತ ಹೋಯಿತು, ಸುಳ್ಳು ಯಾಕೆ ಹೇಳಲಿ. ಎದ್ದು ಹೋಗಿ ಚಹಾ ಕುಡಿದು ಬಂದೆ.

ಬಾಗಿಲಲ್ಲಿ ತೂಗುಹಾಕಿದ್ದ ನನ್ನ ಹಳೆಯ ಫೋಟೋ ಇಳಿಸಿ, ಖಾಜಾಮಿಯಾ ತೆಗೆದದ್ದನ್ನು ನೀನು ಬಂದಾಗ ತಂದುಕೊಟ್ಟೆಯಲ್ಲ, ಅದನ್ನು ಹಾಕಿದ್ದೇನೆ. ನಿನ್ನೆಯಿಂದ ಬಂದ ಗಿರಾಕಿಗಳೆಲ್ಲ “ಇವ ಯಾರ್ರಿ?” ಎಂದು ಕೇಳುತ್ತಿದ್ದಾರೆ. ಎದುರಿಗೇ ನಿಂತಿದ್ದೇನೆ, ಆದರೂ ಕೇಳುತ್ತಾರೆ. ಎಷ್ಟು ಸಿಟ್ಟು ಬರುತ್ತದೆ ಗೊತ್ತೇ? ಆ ಮಚ್ಚೆಯ ಹುಡುಗಿ ಮಾತ್ರ ಮತ್ತೆ ಬಂದಿತ್ತು. ಫೋಟೋ ನೋಡಿತು, ನನ್ನನ್ನು ನೋಡಿತು, ಏನೂ ಕೇಳದೆ ಹೋಗಿ ಸ್ಟೂಲಿನ ಮೇಲೆ ಕೂತು ಗಲ್ಲದ ಮೇಲಿನ ಕೈ ತೆಗೆಯಿತು.

ಫೋಟೋದ ಹಿಂದೆ ಸ್ಟುಡಿಯೋದ ಶಿಕ್ಕಾ ಮುದ್ರೆಯ ಕೆಳಗೆ ಒಂದು ಸಾಲು ಬರೆದಿದ್ದೇನೆ. ಪರೀಕ್ಷೆಯ ಬಾಗಿಲಲ್ಲಿ ಯಾವನಾದರೂ ತಡೆದರೆ ತಿರುಗಿಸಿ ತೋರಿಸು. ಆಮೇಲೂ ತಡೆದರೆ ತಂತಿ ಹೊಡೆ. ಬಂದು ಅವನ ಫೋಟೋ ತೆಗೆದು ಎರಡೂ ಹುಬ್ಬು ಕೆರೆದುಬಿಡುತ್ತೇನೆ.

ನಿನ್ನ ಮಾಮು
ಮಶಾಕ


(ಫೋಟೋದ ಹಿಂದೆ)

ಕೆರೆದಿಲ್ಲ, ತಿದ್ದಿಲ್ಲ. ಈಕೆ ಈಕೆಯೇ. — ಮಶಾಕ